ಹುಟ್ಟುಹಬ್ಬ ಬರಲಿ ಅಂತೆ

ಇದಕ್ಕಾ ನಾನು ಇವತ್ತು ರಜೆ ಹಾಕಿದ್ದು? ಹುಟ್ಟುಹಬ್ಬ ಆಗಿಲ್ಲವಂತೆ! ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮನ ಹೆಸರು ಸೆಕ್ಸ್ ಅಫೆಂಡರ್ (ಲೈಂಗಿಕ ಅಪರಾಧಿಗಳ) ಪಟ್ಟಿಗೆ ಸೇರಿ ಹತ್ತು ವರ್ಷ ಮಾರ್ಚ್‌ನಲ್ಲೇ ತುಂಬಿದೆ. ಆದರೆ ತುಂಬಿದ ಮೇಲೆ ಬರುವ ಮೊದಲ ಹುಟ್ಟುಹಬ್ಬದವರೆಗೆ ಹೆಸರು ತೆಗೆಸುವ ಅರ್ಜಿ ಹಾಕುವ ಹಾಗಿಲ್ಲ. ತಮ್ಮ ಹುಟ್ಟಿದ್ದು ನವೆಂಬರ್‌ನಲ್ಲಿ. ಇನ್ನೂ ಏಳು ತಿಂಗಳು.

ಆ ಅರ್ಜಿಯ ಸಿಆರ್-415 ಫಾರಂ ನನಗೆ ಬಾಯಿಪಾಠ. ಒಂದು ಪ್ರತಿ ಪೊಲೀಸರಿಗೆ, ಒಂದು ಡಿಎ (ಸರ್ಕಾರಿ ವಕೀಲರ) ಆಫೀಸಿಗೆ. ಉತ್ತರ ಕೊಡೋಕೆ ಪೊಲೀಸರಿಗೆ 60 ದಿನ, ಆಮೇಲೆ ಡಿಎಗೆ 60 ದಿನ. ಎಲ್ಲ ಓದಿದ್ದೆ. ಹುಟ್ಟುಹಬ್ಬದ ಸಾಲಿಗೆ ಹಳದಿ ಗೆರೆ ಕೂಡ ಎಳೆದಿದ್ದೆ. ಕಳೆದ ನವೆಂಬರ್‌ನಲ್ಲೇ ಆಯ್ತಲ್ಲ ಅಂದುಕೊಂಡೆ. ನಾನು ಎಂ.ಟೆಕ್. ಮಾಡಿದವಳು, ನೆನಪಿರಲಿ.

ಕೋರ್ಟಿನ ಕೌಂಟರಿಗೆ ದಪ್ಪ ಗಾಜು. ಅದರಲ್ಲಿ ಇಡ್ಲಿ ತಟ್ಟೆಯ ಹಾಗೆ ಸಣ್ಣ ಸಣ್ಣ ತೂತು. ಒಳಗಿದ್ದವಳಿಗೆ ನನ್ನ ಮಾತು ಕೇಳಿಸುತ್ತಿಲ್ಲ, ಅವಳ ಮಾತು ಮಾತ್ರ ಮೈಕ್‌ನಲ್ಲಿ ಹಾಲ್ ಪೂರ್ತಿ. "ಸೆಕ್ಸ್ ಅಫೆಂಡರ್ ಪಟ್ಟಿಯಿಂದ ಹೆಸರು ತೆಗೆಸೋದಕ್ಕಾ?" ನಾನು ತಲೆಯಾಡಿಸಿದೆ. ಅವಳಿಗೆ ಕಾಣಿಸಲಿಲ್ಲವೋ ಏನೋ, ಮತ್ತೊಮ್ಮೆ ಕೇಳಿದಳು. "ಅರ್ಜಿದಾರ ನೀವೇನಾ?" ಅಲ್ಲ, ಇವನು ಅಂತ ತಮ್ಮನ ಕಡೆ ಕೈ ತೋರಿಸಿದೆ. ನಾನೇ ಕೈ ತೋರಿಸಿದೆ, ಇಡೀ ಸಾಲಿಗೆ.

ನಮ್ಮ ಹಿಂದೆ ಒಬ್ಬಳು ಟ್ರಾಫಿಕ್ ಚೀಟಿ ಹಿಡಿದು ನಿಂತಿದ್ದಳು. ಜೊತೆಗೆ ಐದಾರು ವರ್ಷದ ಮಗು. ಮಗು ತನ್ನ ಪಾಡಿಗೆ ನೆಲದ ಟೈಲ್ಸ್ ಮೇಲೆ ಕುಂಟಾಬಿಲ್ಲೆ ಆಡುತ್ತಿತ್ತು. ಅವಳು ಅದರ ಜಾಕೆಟ್ ಹಿಡಿದು ಹಿಂದಕ್ಕೆ ಎಳೆದುಕೊಂಡಳು. "ಬಾ ಇಲ್ಲಿ. ಆ ಕಡೆ ಹೋಗ್ಬೇಡ."

ಕನ್ನಡದಲ್ಲಿ! ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೇರೆ ದಿನ ಓಡಿಹೋಗಿ ಯಾವ ಊರು ಅಂತ ಕೇಳುವವಳು ನಾನು. ಇವತ್ತು ಬಾಯಿ ಬಿಡಲಿಲ್ಲ. ತಮ್ಮ ಕೇಳಿಸಿಕೊಂಡ. ಏನೂ ಅನ್ನದೆ ಸಾಲು ಬಿಟ್ಟು ಹೋಗಿ ಬಾಗಿಲ ಹತ್ತಿರ, ಗೋಡೆ ಕಡೆ ಮುಖ ಮಾಡಿ ನಿಂತ. ಸ್ಕೂಲಿನಲ್ಲಿ ಮೇಷ್ಟ್ರು ನಿಲ್ಲಿಸುತ್ತಿದ್ದರಲ್ಲ, ಹಾಗೆ.

ಇವನು ಮಕ್ಕಳ ತಂಟೆಗೆ ಹೋದವನಲ್ಲ ಕಣಮ್ಮ ಅಂತ ಕೂಗಬೇಕು ಅನ್ನಿಸಿತು. ಕೂಗಿ? ಮಕ್ಕಳ ತಂಟೆಯಲ್ಲ, ಆಫೀಸ್ ಪಾರ್ಟಿಯಲ್ಲಿ ಬೇಡ ಅಂದವಳ ತಂಟೆಗೆ ಹೋಗಿದ್ದು ಅನ್ನಬೇಕಾ? ಮೂರು ತಿಂಗಳು ಜೈಲಿನಲ್ಲಿದ್ದು ಬಂದ ಅನ್ನಬೇಕಾ? ನನ್ನ ಮಗಳು ಜೊತೆಗಿದ್ದಿದ್ದರೆ, ನನಗೆ ಅವನು ಯಾರೂ ಅಲ್ಲದಿದ್ದರೆ, ನಾನೂ ಜಾಕೆಟ್ ಎಳೆಯುತ್ತಿದ್ದೆ. ಇನ್ನೂ ಜೋರಾಗಿ. ಅದಕ್ಕೇ ಅವಳ ಮೇಲೆ ಇಷ್ಟು ಸಿಟ್ಟು.

ಅಷ್ಟರಲ್ಲಿ ಗಾಜಿನ ಹಿಂದಿನಿಂದ, "ನಾನು ಕಾನೂನು ಸಲಹೆ ಕೊಡೋ ಹಾಗಿಲ್ಲ. ಹುಟ್ಟುಹಬ್ಬ ಆದಮೇಲೆ ಬನ್ನಿ." ಇದು ಸಲಹೆ ಅಲ್ವಾ? ನನ್ನ ತಲೆ ಕೆಟ್ಟಿತ್ತು. ನಮ್ಮಲ್ಲಿ ಹುಟ್ಟುಹಬ್ಬ ನಕ್ಷತ್ರದ ಪ್ರಕಾರ ಮಾಡ್ತೀವಿ, ತಾರೀಖು ಹಿಂದೆ ಮುಂದೆ ಆಗುತ್ತೆ ಅಂತ ಶುರು ಮಾಡಿದೆ. ಹೌದು, ಅಮೆರಿಕದ ಕೋರ್ಟಿನಲ್ಲಿ ಪಂಚಾಂಗ ತೆಗೆದೆ. ನಗಿ. ಅವಳು ಮುಂದಿನವರನ್ನು ಕರೆದಳು.

ಯಾಕೆ ಹುಟ್ಟುಹಬ್ಬವೇ? ಯಾರಾದರೂ ಹೇಳಿ. ವರ್ಷಾ ವರ್ಷಾ ಹುಟ್ಟುಹಬ್ಬದ ಐದು ಕೆಲಸದ ದಿನದೊಳಗೆ ಸ್ಟೇಷನ್ನಿಗೆ ಹೋಗಿ ಮನೆ, ಕೆಲಸ, ಕಾರಿನ ನಂಬರು ಎಲ್ಲ ಬರೆಸಬೇಕು. ಅದೇ ವಾರ ಅಮ್ಮ ನಂಜನಗೂಡಿನಲ್ಲಿ ಇವನ ಹೆಸರಿಗೆ ಅಭಿಷೇಕ ಮಾಡಿಸಿ ಫೋಟೋ ಕಳಿಸುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಪಾರ್ಟಿ ಮಾಡಿದ್ರಾ ಅಂತಾಳೆ. ಮಾಡಿದ್ವಿ ಅಂತೀನಿ.

ಸರಿ, ಹೋಗಲಿ. ಇಷ್ಟಾದರೂ ಸಿಕ್ಕಿದೆ. ಈ ರಾಜ್ಯದಲ್ಲಿ ಪಟ್ಟಿ ಶುರುವಾಗಿದ್ದು 1947ರಲ್ಲಿ. ಆಗಿನಿಂದ ಸೇರಿದರೆ ಸಾಯುವವರೆಗೆ ಅಂತಲೇ ಇತ್ತು. ಇವನ ಲಾಯರೂ ಹಾಗೇ ಹೇಳಿದ್ದು. 2021ರಿಂದ ಹತ್ತು ವರ್ಷ, ಇಪ್ಪತ್ತು ವರ್ಷ, ಜೀವನಪೂರ್ತಿ ಅಂತ ಮೂರು ಟಿಯರ್ (ಹಂತ) ಮಾಡಿದರು. ಇವನದು ಮೊದಲನೆಯದು. ಆದರೂ ಹೆಸರು ತಾನಾಗೇ ಹೋಗಲ್ಲ, ನಾವೇ ಹೋಗಿ ಕೈ ಮುಗಿಯಬೇಕು. ಜಡ್ಜ್ ಆಗಲ್ಲ ಅಂದರೆ ಮತ್ತೆ ಕೇಳೋಕೆ ಕಡಿಮೆ ಅಂದರೂ ಒಂದು ವರ್ಷ.

ಏಳು ತಿಂಗಳು ಏನು ಮಹಾ ಅಂತೀರಿ. ನಾನೂ ಕಾರಿನಲ್ಲಿ ಅದನ್ನೇ ಅಂದೆ. ಅವನು ಕಿಟಕಿ ಕಡೆ ನೋಡುತ್ತಾ, "ಆಕೆ ಮೈಸೂರು ಕಡೆಯವರು ಅನ್ಸುತ್ತೆ ಅಕ್ಕ, ಮಾತು ಕೇಳಿದ್ರೆ" ಅಂದ. ಕೋರ್ಟಿನಿಂದ ಮನೆಗೆ ನಲವತ್ತು ನಿಮಿಷದ ದಾರಿ. ಅವನು ಆಡಿದ್ದು ಅದೊಂದೇ ಮಾತು.

ಈ ಫಾರಂ ಹಾಕಿದವರು ಯಾರಾದರೂ ಇದ್ದೀರಾ? ನವೆಂಬರ್‌ನಲ್ಲಿ ಹುಟ್ಟುಹಬ್ಬದ ದಿನವೇ ಹೋಗಬಹುದಾ, ಇಲ್ಲಾ ಮಾರನೇ ದಿನವಾ? ಬೇರೆ ಉಪದೇಶ ಬೇಡ. ಇಷ್ಟು ಹೇಳಿ ಸಾಕು.