ಪಕ್ಕದ ಊರಿನ ಹುಡುಗರನ್ನೂ ನೋಡಿ
ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿ) ಪಳಗಿದ ಆಟಗಾರರು ಸಿಗುವಾಗ ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ಕೋಚ್‌ಗಳು ಊರೂರಿನ ಹೈಸ್ಕೂಲ್ ಅಲೆಯಬೇಕಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಫುಟ್‌ಬಾಲ್ ಆಟಗಾರ ಜಾಶ್ ಆಲೆನ್ ಅವರನ್ನೇ ನೋಡಿ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಪುಟ್ಟ ಊರಿನ ರೈತ ಕುಟುಂಬದ ಹುಡುಗ. ಹೈಸ್ಕೂಲ್ ಮುಗಿದಾಗ ಯಾವ ದೊಡ್ಡ ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಹತ್ತಿರದ ಫ್ರೆಸ್ನೊ ಸ್ಟೇಟ್ ಕೂಡ! ಚಿಕ್ಕಂದಿನಿಂದ ಅದೇ ತಂಡದ ಅಭಿಮಾನಿ, ಎಷ್ಟು ನೋವಾಗಿರಬೇಕು ಅಲ್ವಾ? ರೀಡ್ಲಿ ಕಾಲೇಜಿನಲ್ಲಿ ಆಡಿ, ಆಮೇಲೆ ವಯೋಮಿಂಗ್ ವಿಶ್ವವಿದ್ಯಾಲಯಕ್ಕೆ ಹೋದರು. 2018ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) 7ನೆಯವರಾಗಿ ಆಯ್ಕೆಯಾದರು.

ಅದೇ ಡ್ರಾಫ್ಟ್‌ನಲ್ಲಿ 19ನೆಯವರಾದ ಲೇಟನ್ ವ್ಯಾಂಡರ್ ಎಶ್ ಐಡಹೊದ ರಿಗಿನ್ಸ್‌ನವರು. ಅಲ್ಲಿನ ಚಿಕ್ಕ ಶಾಲೆಯಲ್ಲಿ ಆಡಿದ್ದು 11 ಜನರ ಬದಲು 8 ಜನರ ಫುಟ್‌ಬಾಲ್. ಬಾಯ್ಸಿ ಸ್ಟೇಟ್ ತಂಡಕ್ಕೆ ಸೇರಿದ್ದು ಸ್ಕಾಲರ್‌ಶಿಪ್ ಇಲ್ಲದೆ. ಸುಮ್ನೆ ವಿಡಿಯೊ ನೋಡಿ ಕೈಬಿಡುವ ಬದಲು, ಹೈಸ್ಕೂಲ್ ಪಂದ್ಯ ನಡೆಯುವ ಶುಕ್ರವಾರ ರಾತ್ರಿ ಒಬ್ಬ ಸಹಾಯಕ ಕೋಚ್‌ನನ್ನಾದರೂ ಇಂಥ ಮೈದಾನಗಳಿಗೆ ಕಳಿಸಲಿ.