ಕೊಟ್ಟ ಸಂಬಳ ವಾಪಸ್ ಕೊಡಿ ಸಾರ್!

ಮತ್ತೆ ಅದೇ ಸುದ್ದಿ. ಇಲಾಖೆಯೇ ಲೆಕ್ಕ ತಪ್ಪಿ ಕೊಟ್ಟ ಹೆಚ್ಚುವರಿ ಸಂಬಳವನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. 1994ರಲ್ಲಿ ಹರಿಯಾಣದ ಒಬ್ಬ ಲೈಬ್ರರಿಯನ್ ವಿಷಯದಲ್ಲಿ ಹೇಳಿತ್ತು. 2008ರಲ್ಲಿ ಬಿಹಾರದ ಮೇಷ್ಟ್ರುಗಳ ವಿಷಯದಲ್ಲಿ ಹೇಳಿತ್ತು. 2014ರಲ್ಲಿ ಪಂಜಾಬಿನ ಸುಣ್ಣ ಬಳಿಯುವ ನೌಕರನ ವಿಷಯದಲ್ಲಿ, 2022ರಲ್ಲಿ ಕೇರಳದ ಮೇಷ್ಟ್ರ ವಿಷಯದಲ್ಲಿ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಕಟಕ್‌ನ ಸ್ಟೆನೋಗ್ರಾಫರ್‌ಗಳ ವಿಷಯದಲ್ಲಿ. ಸರ್ಕಾರಕ್ಕೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿಯಬೇಡಿ. ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಬರವಣಿಗೆಯಲ್ಲಿ ಬೇಕು, ಮೂರು ಪ್ರತಿ ಬೇಕು, ದೃಢೀಕರಿಸಿರಬೇಕು, ಒಬ್ಬೊಬ್ಬ ನೌಕರನ ಹೆಸರಿನಲ್ಲೂ ಬೇರೆ ಬೇರೆ ಇರಬೇಕು.

ಕಟಕ್‌ನ ಕಥೆಗೆ ರುಚಿ ಸ್ವಲ್ಪ ಜಾಸ್ತಿ. ಏಕೆಂದರೆ ಆ ಸ್ಟೆನೋಗಳು ದುಡಿದದ್ದು ಕೋರ್ಟಿನಲ್ಲೇ. ಅವರಿಗೆ ಬಡ್ತಿ ಕೊಟ್ಟು ಪರ್ಸನಲ್ ಅಸಿಸ್ಟೆಂಟ್ ಮಾಡಿದರು. ಕೋರ್ಟಿನವರ ಸಂಬಳಕ್ಕೆಂದು ನೇಮಿಸಿದ್ದ ಶೆಟ್ಟಿ ಆಯೋಗದ ಶಿಫಾರಸು ಹಿಡಿದು 2003ರಿಂದ ಲೆಕ್ಕ ಹಾಕಿ ಬಾಕಿ ಹಣ ಕೊಟ್ಟರು. (ಆಯೋಗದ ಆ ಶೆಟ್ಟರು ನಮ್ಮವರೇ, ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ.) ಸ್ಟೆನೋಗಳು ನಿವೃತ್ತರಾಗಿ ಮನೆ ಸೇರಿ ವರ್ಷಗಳಾದ ಮೇಲೆ ಲೆಕ್ಕ ತಪ್ಪಿದೆ ಎಂದು ಯಾರಿಗೋ ಹೊಳೆಯಿತು. ತಲೆಗೆ ಇಪ್ಪತ್ತು ಸಾವಿರ, ನಲವತ್ತು ಸಾವಿರ ಚಿಲ್ಲರೆ. ಆ ಚಿಲ್ಲರೆ ಕಾಸು ಜಿಲ್ಲಾ ನ್ಯಾಯಾಧೀಶರ ಕಚೇರಿಯಿಂದ ಹೊರಟು, ಒಡಿಶಾ ಹೈಕೋರ್ಟ್ ದಾಟಿ, ದೆಹಲಿಗೆ ಹೋಗಿ ಬಂತು. ವಸೂಲಿ ಸಲ್ಲದು ಎನ್ನುವ ತೀರ್ಪುಗಳನ್ನು ಅವರೇ ಎಷ್ಟು ಸಲ ಟೈಪ್ ಮಾಡಿದ್ದರೋ ಏನೋ. ಟೈಪ್ ಮಾಡಿದವರಿಗೆ ತೀರ್ಪು ಅನ್ವಯಿಸಬೇಕು ಎಂದೇನೂ ಇಲ್ಲವಲ್ಲ.

ಬಡ್ತಿ ಬಂದಾಗ ಸಂಬಳ ನಿಗದಿ ಮಾಡುವುದು ಹೇಗೆ ಗೊತ್ತಲ್ವಾ? ಹಳೆಯ ಹುದ್ದೆಯ ಮೂಲ ವೇತನಕ್ಕೆ ಒಂದು ಇಂಕ್ರಿಮೆಂಟ್ ಸೇರಿಸಬೇಕು. ನಿಜವಾಗಿ ಅಲ್ಲ, ಕಾಗದದ ಮೇಲೆ ಮಾತ್ರ. ಬಂದ ಮೊತ್ತ ಹಿಡಿದುಕೊಂಡು ಹೊಸ ಹುದ್ದೆಯ ಶ್ರೇಣಿಯಲ್ಲಿ ಅದಕ್ಕೆ ಮೇಲಿನ ಹಂತ ಹುಡುಕಬೇಕು. ಅಲ್ಲಿ ನೌಕರನನ್ನು ಕೂರಿಸಬೇಕು. ಇಷ್ಟೇ. ಐದನೇ ಕ್ಲಾಸಿನ ಹುಡುಗ ಮಾಡಿ ಮುಗಿಸುವ ಲೆಕ್ಕ.

ಆದರೆ ಐದನೇ ಕ್ಲಾಸಿನ ಹುಡುಗನಿಗೆ ಕೆಸಿಎಸ್‌ಆರ್, ಅಂದರೆ ರಾಜ್ಯ ನೌಕರರ ಸೇವಾ ನಿಯಮಗಳು ಗೊತ್ತಿಲ್ಲ. ಬಡ್ತಿ ಸಿಕ್ಕ ದಿನದಿಂದಲೇ ನಿಗದಿ ಮಾಡಬೇಕೋ, ಮುಂದಿನ ಇಂಕ್ರಿಮೆಂಟ್ ದಿನದಿಂದಲೋ? ಕೇಂದ್ರದ ನೌಕರನಾದರೆ ಒಂದು ತಿಂಗಳೊಳಗೆ ಆಯ್ಕೆ ಬರೆದುಕೊಡಬೇಕು. ಯಾವುದು ಲಾಭ ಎಂದು ಅವನೇ ಕಂಡುಹಿಡಿಯಬೇಕು. ನಮ್ಮ ರಾಜ್ಯದಲ್ಲಿ ಇದರ ಜೊತೆಗೆ ಅದೇ ಹುದ್ದೆಯಲ್ಲೇ ಉಳಿದವರಿಗೆ ಹತ್ತು ವರ್ಷಕ್ಕೆ ಕಾಲಮಿತಿ ಬಡ್ತಿ, ಹದಿನೈದಕ್ಕೆ ಸ್ವಯಂಚಾಲಿತ ಬಡ್ತಿ, ಇಪ್ಪತ್ತಕ್ಕೆ ಒಂದು ಹೆಚ್ಚುವರಿ ಇಂಕ್ರಿಮೆಂಟ್. ಇವು ಮುಗಿಯುವಷ್ಟರಲ್ಲಿ ಹೊಸ ವೇತನ ಆಯೋಗ ಬಂದು ಎಲ್ಲ ಅಂಕಿಗಳನ್ನೂ ಅಲ್ಲಾಡಿಸಿ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಏಳನೆಯದು ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಒಳ್ಳೆಯದೇ. ಆದರೆ ಆವತ್ತು ಮಾಡಿದ ನಿಗದಿಗಳಲ್ಲಿ ಎಷ್ಟು ತಪ್ಪಿವೆ ಎನ್ನುವುದು ಈಗಲೇ ಗೊತ್ತಾಗುವುದಿಲ್ಲ. ಅವರೆಲ್ಲ ನಿವೃತ್ತರಾಗಬೇಕು. ಆಗ ಗೊತ್ತಾಗುತ್ತದೆ.

ಇದರ ನಡುವೆ ಬಡ್ತಿಯೇ ಬೇಡ ಎನ್ನುವವರೂ ಇದ್ದಾರೆ. ಅವರನ್ನು ನೋಡಿ ನಗಬೇಡಿ. ಪ್ರಾಥಮಿಕ ಶಾಲೆಯಲ್ಲಿ ಬಡ್ತಿ ಪಡೆದು ಹೆಡ್‌ಮಾಸ್ಟರ್ ಆದವರ ಹಳೆಯ ದೂರು ಒಂದಿದೆ. ಬಡ್ತಿ ಒಪ್ಪಿಕೊಂಡಿದ್ದಕ್ಕೆ ಮುಂದಿನ ಕಾಲಮಿತಿ ಸೌಲಭ್ಯಗಳು ಕೈತಪ್ಪಿದವು, ಒಪ್ಪದೆ ಸಹಶಿಕ್ಷಕರಾಗಿಯೇ ಉಳಿದವರು ಸಂಬಳದಲ್ಲಿ ಮುಂದೆ ಹೋದರು ಎಂದು. ಅಂದರೆ ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಶೌಚಾಲಯದ ಬೀಗ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮುನಿಸು ಎಲ್ಲ ಹೆಡ್‌ಮಾಸ್ಟರಿಗೆ. ಜಾಸ್ತಿ ಸಂಬಳ ಪಕ್ಕದ ಕೊಠಡಿಯ ಮೇಷ್ಟ್ರಿಗೆ. ಹಿರಿಯನಿಗೆ ಕಡಿಮೆ, ಕಿರಿಯನಿಗೆ ಜಾಸ್ತಿ ಬಂದರೆ ಹಿರಿಯನದ್ದನ್ನು ಕಿರಿಯನ ಮಟ್ಟಕ್ಕೆ ಏರಿಸಲು ನಿಯಮವಿದೆ. ಆದರೆ ಆ ನಿಯಮ ತಾನಾಗಿ ಎದ್ದು ಬರುವುದಿಲ್ಲ, ಕೆಎಟಿಯಿಂದ ಕರೆತರಬೇಕು. ಕೆಎಟಿ ಎಂದರೆ ರಾಜ್ಯ ಆಡಳಿತ ನ್ಯಾಯಮಂಡಳಿ. ಅದನ್ನು 1986ರಲ್ಲಿ ಶುರು ಮಾಡಿದ್ದೇ ನೌಕರರ ತಕರಾರು ಬೇಗ ಮುಗಿಯಲಿ ಎಂದು. ಬೇಗ ಎಂದರೆ ಎಷ್ಟು ಎಂದು ಕಾನೂನಿನಲ್ಲಿ ಬಿಡಿಸಿ ಹೇಳಬೇಕಿತ್ತು.

ಇರಲಿ, ಮುಖ್ಯ ಪ್ರಶ್ನೆಗೆ ಬರೋಣ. ಈ ನಿಗದಿ ಮಾಡಿದ್ದು ಯಾರು? ನೌಕರನಂತೂ ಅಲ್ಲ. ಅವನಿಗೆ ತನ್ನ ಸೇವಾ ಪುಸ್ತಕ ನೋಡಲು ಸಿಕ್ಕರೇ ಅದೃಷ್ಟ. ಕೇಸ್ ವರ್ಕರ್ ಲೆಕ್ಕ ಹಾಕಿದರು. ಸೂಪರಿಂಟೆಂಡೆಂಟ್ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದರು. ಸಾಹೇಬರು ‘ಚರ್ಚಿಸಿ’ ಎಂದು ಬರೆದರು. ಚರ್ಚೆ ಏನಾಯಿತೋ ದೇವರಿಗೇ ಗೊತ್ತು. ಆಮೇಲೆ ‘ನಿಯಮಾನುಸಾರ ಕ್ರಮ ವಹಿಸಿ’ ಎಂದು ಬರೆದರು. ಇದು ನಮ್ಮ ಆಡಳಿತ ಕಂಡುಹಿಡಿದ ಅತ್ಯುತ್ತಮ ವಾಕ್ಯ. ಹೀಗೆ ಬರೆದವನು ಯಾವತ್ತೂ ಸಿಕ್ಕಿಬೀಳುವುದಿಲ್ಲ. ಕ್ರಮ ಸರಿ ಇದ್ದರೆ ಅವನು ಹೇಳಿದ್ದರಿಂದ ಆಯಿತು. ತಪ್ಪಿದ್ದರೆ ನಿಯಮಾನುಸಾರ ಮಾಡಿ ಎಂದೇ ಅವನು ಹೇಳಿದ್ದು, ನೀವು ಮಾಡಲಿಲ್ಲ. ನಾನು ಮನೆಯಲ್ಲಿ ಒಮ್ಮೆ ಬಳಸಿ ನೋಡಿದೆ. ಗ್ಯಾಸ್ ಬುಕ್ ಮಾಡಬೇಕಾ ಎಂದು ಹೆಂಡತಿ ಕೇಳಿದಾಗ ನಿಯಮಾನುಸಾರ ಕ್ರಮ ವಹಿಸು ಎಂದೆ. ಮನೆಯಲ್ಲಿ ಅದು ನಡೆಯುವುದಿಲ್ಲ.

ಖಜಾನೆ ಬಿಲ್ ಪಾಸ್ ಮಾಡಿತು. ಹೀಗೆ ಇಪ್ಪತ್ತು, ಮೂವತ್ತು ವರ್ಷ. ನಡುವೆ ಆಡಿಟ್‌ನವರು ಬಂದು, ಟೀ ಕುಡಿದು, ಬೇರೆ ಯಾವುದೋ ರಿಜಿಸ್ಟರ್ ನೋಡಿ ಹೋದರು. ಕೊನೆಗೆ ಪಿಂಚಣಿ ಕಾಗದ ತಯಾರಾಗುವ ಹೊತ್ತಿಗೆ ಸೇವಾ ಪುಸ್ತಕದ ದಾರ ಬಿಚ್ಚಿ ನೋಡುತ್ತಾರೆ. ಆಗ ಎಲ್ಲರ ಕಣ್ಣೂ ಒಟ್ಟಿಗೇ ತೆರೆಯುತ್ತದೆ. ಬೀಳ್ಕೊಡುಗೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ. ಇಂಥ ಪ್ರಾಮಾಣಿಕ ನೌಕರ ಇನ್ನೊಬ್ಬ ಹುಟ್ಟುವುದಿಲ್ಲ ಎಂದು ಸಾಹೇಬರ ಭಾಷಣ. ಮುಂದಿನ ವಾರದ ಟಪಾಲಿನಲ್ಲಿ ಅದೇ ಸಾಹೇಬರ ಸಹಿ: ನಿಮಗೆ ಹೆಚ್ಚುವರಿಯಾಗಿ ಪಾವತಿಯಾಗಿರುವ ಮೊತ್ತವನ್ನು ಉಪದಾನದಿಂದ (ಅಂದರೆ ಗ್ರಾಚ್ಯುಟಿಯಿಂದ) ಕಟಾಯಿಸಲಾಗುವುದು.

ಪಂಜಾಬಿನ ಆ ಪ್ರಕರಣವನ್ನು ವಕೀಲರು ವೈಟ್‌ವಾಷರ್ ಕೇಸ್ ಎಂದೇ ಕರೆಯುತ್ತಾರೆ. ಅದರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಬಿಡಿಸಿ ಹೇಳಿತು. ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲಿ ಬೇಡ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಬೇಡ. ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟುಕೊಂಡು ಬಂದಿದ್ದರೆ ಬೇಡ. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ ಬೇಡ. ಇಷ್ಟರಲ್ಲಿ ಯಾವುದಕ್ಕೂ ಸೇರದಿದ್ದರೂ ವಸೂಲಿ ಮಾಡುವುದು ಕ್ರೂರ ಎನಿಸಿದರೆ ಬೇಡ. ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವೇ ಇಲ್ಲ. ಹಾಗಾಗಿಯೇ ಅದು ಯಾರಿಗೂ ಅರ್ಥವಾಗಲಿಲ್ಲ.

ಸರ್ಕಾರದ ಪರವಾಗಿಯೂ ಒಂದು ಮಾತು ಇದೆ, ಹೇಳಿಬಿಡುತ್ತೇನೆ. 2012ರಲ್ಲಿ ಉತ್ತರಾಖಂಡದ ಶಿಕ್ಷಕರ ಕೇಸಿನಲ್ಲಿ ಇದೇ ಸುಪ್ರೀಂ ಕೋರ್ಟ್, ಇದು ತೆರಿಗೆದಾರರ ಹಣ, ವಾಪಸ್ ಬರಲಿ ಎಂದಿತ್ತು. ತೆರಿಗೆದಾರ ಎಂದರೆ ನಾನೂ ಸೇರಿದೆ. ನನ್ನ ಹಣದ ಬಗ್ಗೆ ಇಷ್ಟು ಕಾಳಜಿ ಕಂಡು ಸಂತೋಷವಾಯಿತು. ಹಾಗಾದರೆ ಇಪ್ಪತ್ತೈದು ಸಾವಿರ ರೂಪಾಯಿ ವಸೂಲಿಗೆ ಸುಪ್ರೀಂ ಕೋರ್ಟಿನ ತನಕ ಹೋದ ವಕೀಲರ ಫೀಸು, ಅಧಿಕಾರಿಗಳ ವಿಮಾನ, ಕಡತ ಹೊತ್ತವರ ಭತ್ಯೆ ಯಾರ ಹಣ? ಅದನ್ನು ಯಾವ ಆಡಿಟ್ ಹಿಡಿದಿದೆ? ಲೆಕ್ಕ ತಪ್ಪಿಸಿದ ಅಧಿಕಾರಿಯ ಪಿಂಚಣಿಯಿಂದ ಹಿಡಿದದ್ದನ್ನು ಯಾರಾದರೂ ನೋಡಿದ್ದೀರಾ? ಬಿಹಾರದ ಕೇಸು ಬಡ್ತಿಯ ವೇತನ ನಿಗದಿಯದ್ದೇ. ಈ ಗೊಂದಲಕ್ಕೆಲ್ಲ ಕಾರಣ ಅಧಿಕಾರಿಗಳ ನಿರ್ಲಕ್ಷ್ಯ ಎಂದು ಅಲ್ಲಿ ಕೋರ್ಟೇ ಹೇಳಿತ್ತು.

ಕೇರಳದ ಮೇಷ್ಟ್ರು ನಿವೃತ್ತರಾದದ್ದು 1999ರ ಮಾರ್ಚ್‌ನಲ್ಲಿ. ಇಂಕ್ರಿಮೆಂಟ್ ಲೆಕ್ಕ ತಪ್ಪಿದೆ ಎಂದು ಇಲಾಖೆಯವರು ವಸೂಲಿಗೆ ಕೂತರು. ಮೇಷ್ಟ್ರು ಹೈಕೋರ್ಟಿನಲ್ಲಿ ಎರಡು ಸಲ ಸೋತರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 2022ರ ಮೇ ತಿಂಗಳಲ್ಲಿ, ನಮ್ಮ ದಕ್ಷಿಣ ಕನ್ನಡದ ನ್ಯಾ. ಅಬ್ದುಲ್ ನಜೀರ್ ಅವರಿದ್ದ ಪೀಠದಲ್ಲಿ. ನಿವೃತ್ತರಾಗಿ 23 ವರ್ಷ. ಅವರು 1966ರಲ್ಲಿ ಕೆಲಸಕ್ಕೆ ಸೇರಿದವರು, ವಯಸ್ಸು ಎಷ್ಟಿರಬಹುದು ನೀವೇ ಲೆಕ್ಕ ಹಾಕಿ. ಇದರಲ್ಲಿ ನಗಲು ನನಗೇನೂ ಸಿಗುತ್ತಿಲ್ಲ. ಒಬ್ಬ ಮನುಷ್ಯನ ವೃದ್ಧಾಪ್ಯವನ್ನು ಇಡಿಯಾಗಿ ತಿಂದು ಹಾಕಿದರು. ಮೋಸ ಮಾಡಿದ ಎಂದು ಯಾರೂ ಹೇಳಲಿಲ್ಲ. ಸುಳ್ಳು ಪತ್ರ ಕೊಟ್ಟ ಎಂದೂ ಹೇಳಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡ, ಅಷ್ಟೇ. ಗ್ರಾಚ್ಯುಟಿ ತಡೆಹಿಡಿದರೆ ಅದು ಬರೀ ಒಂದು ಅಂಕಿ ಅಲ್ಲ. ಮನೆಯ ತಾರಸಿ, ಮಗಳ ಮದುವೆ, ಕಣ್ಣಿನ ಆಪರೇಷನ್. ಕಡತ ಹಿಡಿದು ಕೂತವನಿಗೆ ಇದು ಗೊತ್ತಿಲ್ಲ ಎನ್ನಬೇಡಿ, ಅವನೂ ಸಂಬಳದವನೇ. ಗೊತ್ತಿದ್ದೇ ಮಾಡುತ್ತಾನೆ, ಏಕೆಂದರೆ ವಸೂಲಿ ಬರೆಯದಿದ್ದರೆ ಆಡಿಟ್ ಆಕ್ಷೇಪಣೆ ಅವನ ತಲೆ ಮೇಲೆ ಬರುತ್ತದೆ. ಬರೆದುಬಿಟ್ಟರೆ ಕೋರ್ಟು ನೋಡಿಕೊಳ್ಳುತ್ತದೆ.

ಈಗ ಇಲಾಖೆಗಳು ಹುಷಾರಾಗಿವೆ. ವೇತನ ಪರಿಷ್ಕರಣೆ ಬಂದಾಗ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಹೆಚ್ಚು ಪಾವತಿಯಾಗಿದ್ದರೆ ಮರುಪಾವತಿಸುತ್ತೇನೆ ಎಂದು. 2016ರಲ್ಲಿ ಹರಿಯಾಣದ ಒಬ್ಬ ನ್ಯಾಯಾಧೀಶರೇ ಇಂಥ ಮುಚ್ಚಳಿಕೆಯಿಂದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಾನೂನು ಓದಿದವರ ಗತಿಯೇ ಹೀಗಾದರೆ ಗುಮಾಸ್ತನ ಕಥೆ ಬಿಡಿ. ಸಹಿ ಹಾಕದಿದ್ದರೆ ಹೊಸ ಸಂಬಳ ಇಲ್ಲ. ಎಲ್ಲರೂ ಹಾಕುತ್ತಾರೆ. ಕಡಿಮೆ ಪಾವತಿಯಾಗಿದ್ದರೆ ಬಡ್ಡಿ ಸಮೇತ ಕೊಡುತ್ತೇವೆ ಎಂಬ ಮುಚ್ಚಳಿಕೆಯನ್ನು ಸರ್ಕಾರ ಯಾರಿಗೂ ಬರೆದುಕೊಟ್ಟಂತಿಲ್ಲ. ನಮೂನೆ ಮುದ್ರಣವಾಗಿಲ್ಲವೇನೋ.

ಇನ್ನೊಂದು ಕಥೆ ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನದ್ದು. ಬಡ್ತಿಯದ್ದಲ್ಲ, ಆದರೆ ಬಿಡಲು ಮನಸ್ಸಿಲ್ಲ. ನೌಕರ ವರ್ಷವಿಡೀ ದುಡಿದರೆ ಮರುದಿನ ಇಂಕ್ರಿಮೆಂಟ್ ಸಿಗಬೇಕು. ಅವನು ದುಡಿದ. ವರ್ಷದ ಕೊನೆಯ ದಿನವೇ ನಿವೃತ್ತನಾದ. ಮರುದಿನ ಇಂಕ್ರಿಮೆಂಟ್ ಬಂತು, ನೋಡಿದರೆ ಕುರ್ಚಿಯಲ್ಲಿ ಅವನಿಲ್ಲ. ಇಲ್ಲದವನಿಗೆ ಹೇಗೆ ಕೊಡುವುದು? ಆ ರಾತ್ರಿ ಅವನು ರೆಕಾರ್ಡ್ ರೂಮಿನಲ್ಲಿ ಅಡಗಿ ಕೂತು ಹನ್ನೆರಡು ಹೊಡೆದ ಮೇಲೆ ಹೊರಗೆ ಬಂದಿದ್ದರೆ ಸಿಗುತ್ತಿತ್ತೇ ಎಂಬ ಕಾನೂನು ಪ್ರಶ್ನೆ ಇನ್ನೂ ಹಾಗೇ ಇದೆ. ಹೈಕೋರ್ಟ್ ಕೊಡಿ ಎಂದಿತು. ನಿಗಮ ದೆಹಲಿಗೆ ಹೋಯಿತು. ಅಲ್ಲಿ ಅದು ಮಂಡಿಸಿದ ವಾದ ಕೇಳಬೇಕು. ಇಂಕ್ರಿಮೆಂಟ್ ಕೊಡುವುದು ಮುಂದೆ ಚೆನ್ನಾಗಿ ಕೆಲಸ ಮಾಡಲಿ ಎಂದು ಉತ್ತೇಜನಕ್ಕೆ. ಕೆಲಸವೇ ಬಿಟ್ಟು ಹೋದವನನ್ನು ಉತ್ತೇಜಿಸಿ ಏನು ಪ್ರಯೋಜನ?

ಈ ವಾದವನ್ನು ನಾನು ಬಹಳ ಮೆಚ್ಚಿದೆ. ಇದೇ ಲೆಕ್ಕದಲ್ಲಿ ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆದವನು ಬಿಲ್ ಕೊಡಬೇಕಿಲ್ಲ. 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಆಗಲೇ ದುಡಿದದ್ದಕ್ಕೆ ಬಂದದ್ದು, ಕೊಡಿ ಎಂದಿತು. ಮುಗಿಯಿತಲ್ವಾ? ಎಲ್ಲಿ ಮುಗಿಯುತ್ತದೆ. ಅದು ನಮಗೂ ಅನ್ವಯವೇ, ಯಾವ ದಿನದಿಂದ ಅನ್ವಯ ಎಂದು ಕೇಂದ್ರ ಸರ್ಕಾರ ಮತ್ತೆ ಬಾಗಿಲು ಬಡಿಯಿತು. 2025ರ ಫೆಬ್ರುವರಿಯಲ್ಲಿ ಇತ್ಯರ್ಥವಾಯಿತು. ಕೋರ್ಟಿಗೆ ಹೋಗದೆ ಸುಮ್ನೆ ಮನೆಯಲ್ಲಿ ಕೂತವರಿಗೆ 2023ರ ಮೇ 1ರಿಂದ ಮಾತ್ರ ಆ ಇಂಕ್ರಿಮೆಂಟ್ ಸೇರಿಸಿದ ಜಾಸ್ತಿ ಪಿಂಚಣಿ, ಅದಕ್ಕೂ ಹಿಂದಿನದ್ದು ಇಲ್ಲ. ಮೊದಲೇ ಹೋಗಿ ಗೆದ್ದವರಿಗೆ ಅವರ ತೀರ್ಪಿನ ಪ್ರಕಾರ. ಸರ್ಕಾರವನ್ನು ನಂಬಿ ಜಗಳ ಮಾಡದೆ ಕೂತವನು ದಡ್ಡ ಎನ್ನುವುದಕ್ಕೆ ಇದಕ್ಕಿಂತ ಅಧಿಕೃತ ದಾಖಲೆ ಬೇಕಾ?

ಒಬ್ಬ ನೌಕರ ಗೆದ್ದರೆ ಅದೇ ಸ್ಥಿತಿಯಲ್ಲಿರುವ ಉಳಿದವರಿಗೂ ಕೊಡಿ ಎಂದು ಕೋರ್ಟುಗಳು ಹೇಳಿ ಹೇಳಿ ಸುಸ್ತಾಗಿವೆ. ಸರ್ಕಾರ ಸುಮ್ಮನೆ ಕೇಸು ಹಾಕುವ ಚಟ ಬಿಡಬೇಕು ಎಂದು 2010ರ ರಾಷ್ಟ್ರೀಯ ವ್ಯಾಜ್ಯ ನೀತಿಯೂ ಹೇಳಿತ್ತು. ಆದೇಶದ ಕೊನೆಯಲ್ಲಿ ಮಾತ್ರ ಈಗಲೂ ಒಂದು ಸಾಲು ಇದ್ದೇ ಇರುತ್ತದೆ: ಸದರಿ ಆದೇಶವು ಅರ್ಜಿದಾರರಿಗೆ ಮಾತ್ರ ಸೀಮಿತ, ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ. ಅರ್ಜಿದಾರರು ತೀರಿಕೊಂಡಿದ್ದರೆ ವಾರಸುದಾರರು ವಂಶವೃಕ್ಷ ಲಗತ್ತಿಸತಕ್ಕದ್ದು.

ಹಾಗಾಗಿ ನಿವೃತ್ತಿಗೆ ಇನ್ನೂ ಹತ್ತು ವರ್ಷ ಇರುವವರು ಈಗಲೇ ನಿಮ್ಮ ಸೇವಾ ಪುಸ್ತಕದ ಜೆರಾಕ್ಸ್ ಕೇಳಿ ಅರ್ಜಿ ಹಾಕಿ. ಹತ್ತು ವರ್ಷ ಸಾಕಾಗಬಹುದು.