ಸಿಮೆಂಟ್ ನೀರಲ್ಲಿ ಗಟ್ಟಿಯಾಗಲ್ವಾ?

ಉಣಕಲ್ ಕೆರೆಯಾಗಲಿ, ಹಾವೇರಿ ಕಡೆಯ ವರದಾ ಹೊಳೆಯಾಗಲಿ, ದೋಣಿ ಕಟ್ಟೋಕೆ ಕಂಬ ನಿಲ್ಲಿಸುವ ಮಾತು ಬಂದರೆ ಒಂದು ಫಾರ್ವರ್ಡ್ ಹಾಜರ್: ಸಿಮೆಂಟ್ ಒಣಗಬೇಕು, ನೀರೊಳಗೆ ಹಾಕಿದರೆ ಗಟ್ಟಿಯಾಗಲ್ಲ.

ಇದು ತಪ್ಪು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೇ ಗೌಂಡಿಗಳು ಸ್ಲ್ಯಾಬ್ ಹಾಕಿದ ಮೇಲೆ ಒಡ್ಡು ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸುತ್ತಾರೆ.

ಆದರೆ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಹಸಿ ಕಾಂಕ್ರೀಟನ್ನು ಮೇಲಿಂದ ನೀರಿಗೆ ಸುರಿದರೆ ಸಿಮೆಂಟ್ ತೊಳೆದುಹೋಗಿ ಬರೀ ಕಡಿ, ಮರಳು ಉಳಿಯುತ್ತದೆ. ಹರಿಯುವ ಹೊಳೆಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಪೈಪನ್ನು ತಳದವರೆಗೆ ಇಳಿಸಿ, ಅದರೊಳಗಿಂದ ಕಾಂಕ್ರೀಟ್ ಹಾಕುತ್ತಾರೆ. ಪೈಪಿನ ಕೆಳಗಿನ ಬಾಯಿ ಹಸಿ ಕಾಂಕ್ರೀಟಿನಲ್ಲಿ ಹೂತೇ ಇರಬೇಕು. ಕೆಳಗಿಂದ ತುಂಬುತ್ತಾ ಬಂದಂತೆ ನೀರು ಮೇಲಕ್ಕೆ ಸರಿಯುತ್ತದೆ. ಅಂಥ ಕೆಲಸ ನೋಡದವರು ಫಾರ್ವರ್ಡ್ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕೈಗವಸು ಹಾಕಿಕೊಂಡು ಸ್ವಲ್ಪ ಸಿಮೆಂಟ್ ಗಟ್ಟಿಯಾಗಿ ಕಲಸಿ. ಹಳೇ ಚಹಾ ಕಪ್ಪಿಗೆ ತುಂಬಿ ಬಕೆಟ್ ನೀರಿನಲ್ಲಿ ಮೆಲ್ಲಗೆ ಮುಳುಗಿಸಿ. ಎರಡು ದಿನ ಬಿಟ್ಟು ಮೊಳೆಯಿಂದ ಕೆರೆದು ನೋಡಿ. ಪುರುಸೊತ್ತಿಲ್ಲ ಅಂದರೆ ಯಾವುದಾದರೂ ಹಳೆ ಗೌಂಡಿಯನ್ನು ಕೇಳಿ, ಸ್ಲ್ಯಾಬ್ ಮೇಲೆ ನೀರು ಯಾಕೆ ನಿಲ್ಲಿಸ್ತೀರಿ ಅಂತ.